ಕೀಲೆಣ್ಣೆಯ ವಿಚಾರ

(ಸಂಘದ ವಾರ್ಷಿಕೋತ್ಸವದ ಸಂದರ್ಭದಲ್ಲಿ ಮಿರಜಿನಲ್ಲಿ ಮಾಡಿದ ಭಾಷಣ)



ಈ ಸಮಾರಂಭದಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ಸಂಘದ ಕಾರ್ಯದರ್ಶಿಗಳು ನನಗೆ ಅಪ್ಪಣೆ ಮಾಡಿದಾಗ ಅವರ ಮನಸ್ಸಿನಲ್ಲಿ ಪಂಪನೋ ಕುಮಾರವ್ಯಾಸನೋ ಇದ್ದಿರಬೇಕು. ವಿದ್ವಾನ್ ಪರೀಕ್ಷೆಯನ್ನು ಮುಗಿಸಿ, ಇಪ್ಪತ್ತು ವರ್ಷಗಳಿಂದ ಗಡಿಭಾಗದ ಕನ್ನಡ ಪ್ರೌಢಶಾಲೆಯೊಂದರಲ್ಲಿ ವ್ಯಾಕರಣ ಛಂದಸ್ಸುಗಳನ್ನು ಕಲಿಸುತ್ತಿರುವವನಿಂದ ಜನರು ನಿರೀಕ್ಷಿಸುವುದೂ ಅದನ್ನೇ. ವಿಷಯವೇನೆಂದು ಅವರು ಕೇಳಲು, “ಡೀಸೆಲ್ ಗಾಡಿಗೆ ಟೂಟಿ ಎಣ್ಣೆಯನ್ನು ಬೆರೆಸಬೇಕೋ ಬಾರದೋ ಎಂಬುದು” ಎಂದೆನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಗಲಿ ಸರ್, ನಮ್ಮ ಸಭೆಯಲ್ಲಿ ಡೀಸೆಲ್ಲಿನ ಋಣವಿಲ್ಲದವರು ಯಾರಿದ್ದಾರೆ?” ಎಂದರು. ಆ ಮಾತು ನನಗೆ ಧೈರ್ಯವನ್ನು ಕೊಟ್ಟಿತು.

ಅವರ ಮಾತು ಅಕ್ಷರಶಃ ಸತ್ಯವಾದುದು. ಸಾಂಗಲಿಯ ಅರಿಷಿಣದ ಪೇಟೆಯಲ್ಲಿ ಟೆಂಪೋ ನಡೆಸುವವರು, ತಾಸಗಾವಿಯ ದ್ರಾಕ್ಷಿಯನ್ನು ಪಿಕಪ್ ಗಾಡಿಗಳಲ್ಲಿ ಊರೂರಿಗೆ ಒಯ್ಯುವವರು, ಜತ್ತ ತಾಲೂಕಿನ ಹೊಲಗಳಲ್ಲಿ ಟ್ರ್ಯಾಕ್ಟರು ಹೂಡುವವರು, ಮಿರಜಿನ ಆಸ್ಪತ್ರೆಗಳಿಗೆ ಹಗಲಿರುಳೆನ್ನದೆ ರೋಗಿಗಳನ್ನು ಕರೆತರುವವರು, ಇವರಲ್ಲಿ ಎಷ್ಟೋ ಮಂದಿ ನಮ್ಮ ಕನ್ನಡ ಮನೆಗಳ ಮಕ್ಕಳು. ನನ್ನ ತರಗತಿಯ ಹಿಂದಿನ ಬೆಂಚುಗಳಲ್ಲಿ ಕುಳಿತು ಕಂದಪದ್ಯಕ್ಕೆ ಗಣ ಹಾಕಲಾರದೆ ಬೈಸಿಕೊಂಡವರೇ ಇಂದು ಈ ಯಂತ್ರಗಳನ್ನು ನಡೆಸಿ ತಂದೆತಾಯಿಗಳನ್ನು ಸಾಕುತ್ತಿದ್ದಾರೆ. ಅವರಿಗೆ ಯಂತ್ರದ ವಿಚಾರವಾಗಿ ಕನ್ನಡದಲ್ಲಿ ಓದಲು ಸಿಕ್ಕುವುದು ಬಹಳ ಕಡಮೆ. ಕೇಳಿದ ಮಾತೇ ಅವರ ಗ್ರಂಥ. ಕೇಳಿದ ಮಾತಿನಿಂದ ನಾನೂ ಒಂದು ಪಾಠವನ್ನು ಕಲಿಯಬೇಕಾಯಿತು. ಅದನ್ನು ಹೇಳುವುದಕ್ಕೆಂದೇ ಇಲ್ಲಿ ನಿಂತಿದ್ದೇನೆ.

ಮೊದಲು ನಮ್ಮ ಹಳ್ಳಿಯ ಚಕ್ಕಡಿಯಿಂದ ಪ್ರಾರಂಭಿಸುತ್ತೇನೆ. ನಾನು ಚಿಕ್ಕವನಿದ್ದಾಗ ಅಜ್ಜನ ಚಕ್ಕಡಿಯ ಅಡಿಯಲ್ಲಿ ಬಿದಿರಿನ ಗೊಟ್ಟವೊಂದು ತೂಗಾಡುತ್ತಿತ್ತು. ಅದರಲ್ಲಿ ಹರಳೆಣ್ಣೆ, ಅದರೊಳಗೆ ಒಂದು ಚಿಂದಿಬಟ್ಟೆ. ದೂರದ ಪ್ರಯಾಣಕ್ಕೆ ಹೊರಡುವ ಮೊದಲು ಅಜ್ಜನು ಕಡಾಣಿಯನ್ನು ತೆಗೆದು, ಗಾಲಿಯನ್ನು ಹೊರಕ್ಕೆ ಸರಿಸಿ, ಅಚ್ಚಿಗೆ ಆ ಎಣ್ಣೆಯನ್ನು ಸವರುತ್ತಿದ್ದನು. ಅದೇ ಕೀಲೆಣ್ಣೆ. ಎಣ್ಣೆ ಹಾಕದ ಗಾಲಿ ಮೈಲುದೂರದವರೆಗೆ ಕಿರುಗುಟ್ಟಿ ಯಜಮಾನನ ಸೋಮಾರಿತನವನ್ನು ಊರಿಗೆಲ್ಲ ಸಾರುತ್ತಿತ್ತು. ಸಂಸ್ಕೃತದಲ್ಲಿ ಎಣ್ಣೆಗೂ ಪ್ರೀತಿಗೂ ‘ಸ್ನೇಹ’ವೆಂಬ ಒಂದೇ ಶಬ್ದವುಂಟು. ತರಗತಿಯಲ್ಲಿ ಇದನ್ನು ಹೇಳಿದಾಗ ಮಕ್ಕಳು ನಗುತ್ತಾರೆ. ಎರಡು ಗಟ್ಟಿ ವಸ್ತುಗಳು ಒಂದನ್ನೊಂದು ತಿಕ್ಕಿ ಸವೆಯದಂತೆ ನಡುವೆ ನಿಲ್ಲುವುದು ಎಂಬ ಅರ್ಥವನ್ನು ಬಿಡಿಸಿ ಹೇಳಿದ ಮೇಲೆ ನಗುವು ನಿಲ್ಲುತ್ತದೆ.

ಟೂಟಿ ಎಣ್ಣೆಯೆಂದು ನಮ್ಮ ಕಡೆ ಕರೆಯುವುದು ಎರಡು ಹೊಡೆತದ ಪೆಟ್ರೋಲ್ ಯಂತ್ರಗಳಿಗಾಗಿ ಮಾಡಿದ ಎಣ್ಣೆಯನ್ನು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು ೧೯೬೧ರಿಂದ ೧೯೯೬ರವರೆಗೆ ತಯಾರಿಸಿದ ಜಾವಾ, ಯೆಜ್ದಿ ಮೋಟಾರ್ ಸೈಕಲ್ಲುಗಳು, ಹಳೆಯ ಸ್ಕೂಟರುಗಳು, ಲೂನಾ, ಹಳೆಯ ರಿಕ್ಷಾಗಳು ಈ ಜಾತಿಗೆ ಸೇರಿದವು. ಇವುಗಳಲ್ಲಿ ಎಣ್ಣೆಗೆ ಬೇರೆ ತೊಟ್ಟಿಯಿಲ್ಲ. ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣವೇ ಯಂತ್ರದ ತಳಭಾಗದ ಮೂಲಕ ಹಾದು ಮೇಲಕ್ಕೆ ಹೋಗಬೇಕು. ಆದಕಾರಣ ಕೀಲುಗಳಿಗೆ ಬೇಕಾದ ಎಣ್ಣೆಯೂ ಪೆಟ್ರೋಲಿನೊಡನೆಯೇ ಬರಬೇಕು, ಕೆಲಸ ಮುಗಿಸಿ ಉರಿದೂ ಹೋಗಬೇಕು. ಪೆಟ್ರೋಲ್ ಪಂಪಿನಲ್ಲಿ ಲೀಟರಿಗೆ ಇಷ್ಟೆಂದು ಎಣ್ಣೆ ಹಾಕಿಸಿಕೊಂಡು, ಗಾಡಿಯನ್ನು ಅತ್ತಿತ್ತ ಅಲುಗಾಡಿಸಿ ಮನೆಗೆ ಬರುತ್ತಿದ್ದ ತಂದೆಯವರ ನೆನಪು ಇಲ್ಲಿರುವ ಅನೇಕರಿಗೆ ಇದ್ದೀತು. ಆ ಗಾಡಿಗಳಿಗೆ ಈ ಎಣ್ಣೆಯು ಪ್ರಾಣ. ಹಾಕದಿದ್ದರೆ ಕೊಂಚ ದೂರದಲ್ಲೇ ಯಂತ್ರವು ಬಿಗಿದು ನಿಲ್ಲುತ್ತಿತ್ತು.

ಡೀಸೆಲ್ ಯಂತ್ರದ ಸಂಗತಿ ಬೇರೆ. ಅದರ ಕೀಲುಗಳಿಗೆ ತಳದ ತೊಟ್ಟಿಯಲ್ಲಿ ಪ್ರತ್ಯೇಕವಾದ ಎಣ್ಣೆಯುಂಟು. ಹಾಗಿದ್ದ ಮೇಲೆ ಟೂಟಿ ಎಣ್ಣೆಯು ಡೀಸೆಲ್ಲಿನ ಟಾಕಿಗೆ ಹೇಗೆ ಬಂದಿತು?

ನನ್ನ ಮಟ್ಟಿಗೆ ಹೇಳುವುದಾದರೆ, ಅದು ನನ್ನ ಸೋದರಮಾವನ ಮೂಲಕ ಬಂದಿತು. ಅವರು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಸಾಂಗಲಿಯಿಂದ ಅರಿಷಿಣವನ್ನು ಹೇರಿಕೊಂಡು ಹುಬ್ಬಳ್ಳಿ ಬೆಂಗಳೂರುಗಳವರೆಗೆ ಲಾರಿ ನಡೆಸಿದವರು. ಓದು ನಾಲ್ಕನೆಯ ಇಯತ್ತೆ. ಆದರೆ ಯಂತ್ರದ ಸದ್ದನ್ನು ಕೇಳಿಯೇ ಅದರ ರೋಗವನ್ನು ಹೇಳಬಲ್ಲವರು. ನಾನು ಹಳೆಯ ಡೀಸೆಲ್ ಕಾರೊಂದನ್ನು ಕೊಂಡಾಗ ಅವರು ಅದರ ಮುಚ್ಚಳವನ್ನೆತ್ತಿ ಕಿವಿಗೊಟ್ಟು ಕೇಳಿ, “ಅಳಿಯಾ, ಪಂಪು ಒಣಗೇತಿ. ಟಾಕಿ ತುಂಬಿಸಿದಾಗೊಮ್ಮೆ ಒಂದು ಟೂಟಿ ಬಾಟ್ಲಿ ಹಾಕು. ನಾ ಹೇಳಿದ್ದು ನೆಪ್ಪಿರಲಿ” ಎಂದರು. ಅಂದಿನಿಂದ ಹಾಕಿದೆನು. ಯಂತ್ರದ ಸದ್ದು ಮೃದುವಾಯಿತೆಂದು ನನಗೂ ಅನ್ನಿಸಿತು. ನಂಬಿದ ಕಿವಿಗೆ ಯಾವುದು ಕೇಳಿಸದು!

ಮಾವನ ಮಾತಿಗೆ ಅವರ ಕಾಲದಲ್ಲಿ ಆಧಾರವಿತ್ತು. ಡೀಸೆಲ್ಲಿನಲ್ಲಿ ಸೀಮೆಎಣ್ಣೆಯನ್ನು ಕದ್ದು ಬೆರೆಸುವ ಪಿಡುಗು ಆಗ ದೇಶದಲ್ಲೆಲ್ಲ ಇತ್ತು. ಸೀಮೆಎಣ್ಣೆಯು ತೆಳ್ಳಗಿನದು, ಲೋಹವನ್ನು ಕಾಪಾಡುವ ಶಕ್ತಿ ಅದಕ್ಕೆ ಕಡಮೆ. ಡೀಸೆಲ್ಲನ್ನು ಸಿಲಿಂಡರಿಗೆ ಚಿಮ್ಮಿಸುವ ಪಂಪಿನೊಳಗೆ, ಕೂದಲೆಳೆಗಿಂತ ಎಷ್ಟೋ ಸೂಕ್ಷ್ಮವಾದ ಅಂತರದಲ್ಲಿ ಉಕ್ಕಿನ ಮೇಲೆ ಉಕ್ಕು ಜಾರುತ್ತಿರುತ್ತದೆ. ಅಲ್ಲಿ ತಳದ ತೊಟ್ಟಿಯ ಎಣ್ಣೆ ಹೋಗಲಾರದು. ಡೀಸೆಲ್ಲೇ ಅಲ್ಲಿ ಇಂಧನವೂ ಹೌದು, ಕೀಲೆಣ್ಣೆಯೂ ಹೌದು. ಸೀಮೆಎಣ್ಣೆ ಬೆರೆತ ಡೀಸೆಲ್ ಕುಡಿದ ಪಂಪು ಬೇಗನೆ ಸವೆಯುತ್ತಿತ್ತು. ಅದಕ್ಕೆ ಚಾಲಕರು ಕಂಡುಕೊಂಡ ಮನೆಮದ್ದೇ ಈ ಬಾಟಲಿ. ಇಷ್ಟಾದರೂ ಒಂದು ಮಾತನ್ನು ಸೇರಿಸಬೇಕು. ಮಾವನವರ ಹಳೆಯ ಲಾರಿಗಳಲ್ಲಿದ್ದುದು ಸಾಲುಪಂಪು. ಬೆಂಗಳೂರಿನ ಆಡುಗೋಡಿಯ ಮೈಕೊ ಕಾರ್ಖಾನೆಯ ಹೆಸರನ್ನು ಚಾಲಕರ ಬಾಯಲ್ಲಿ ನಿಲ್ಲಿಸಿದ ಪಂಪುಗಳ ಜಾತಿ. ಅದರ ಕೆಳಭಾಗದ ಕೀಲುಗಳಿಗೆ ಬೇರೆಯೇ ಎಣ್ಣೆ ದೊರೆಯುತ್ತದೆ. ಮೇಲಿನ ಕೊಂತಗಳು ಮಾತ್ರ ಡೀಸೆಲ್ಲನ್ನು ನಂಬಿರುತ್ತವೆ. ಅನಂತರ ಬಂದ ಕಾರುಗಳ ತಿರುಗುಪಂಪಿಗಾದರೋ ಡೀಸೆಲ್ಲಿನ ಹೊರತು ಬೇರೆ ಗತಿಯಿಲ್ಲ.

ಇಲ್ಲಿ ಭಾಷೆಯ ಒಂದು ತೊಡಕನ್ನು ಬಿಡಿಸಬೇಕಾಗಿದೆ. ಕನ್ನಡ ಪಂಡಿತನಿಗೆ ಈ ವಿಷಯದಲ್ಲಿ ಏನು ಕೆಲಸವೆಂದು ಕೇಳುವವರಿಗೆ ಇದೇ ನನ್ನ ಉತ್ತರ. ನಾವು ‘ಜಿಡ್ಡು’ ಎಂಬ ಒಂದೇ ಶಬ್ದದಿಂದ ಎರಡು ಗುಣಗಳನ್ನು ಸೂಚಿಸುತ್ತೇವೆ. ಒಂದು, ದ್ರವದ ಮಂದತನ. ಪಾಕವು ನೀರಿಗಿಂತ ನಿಧಾನವಾಗಿ ಹರಿಯುವ ಗುಣ. ವಿಜ್ಞಾನದ ಪಠ್ಯಪುಸ್ತಕಗಳು ಇದನ್ನು ‘ಸ್ನಿಗ್ಧತೆ’ ಎನ್ನುತ್ತವೆ. ಇನ್ನೊಂದು, ಲೋಹದ ಮೈಗೆ ಅಂಟಿಕೊಂಡು ಅದನ್ನು ಸವೆತದಿಂದ ಉಳಿಸುವ ಗುಣ. ಇವೆರಡೂ ಒಂದೇ ಅಲ್ಲ. ಎರಡು ಉಕ್ಕುಗಳು ಬಲವಾಗಿ ಒತ್ತಿದಾಗ ನಡುವಿನ ದ್ರವವು, ಎಷ್ಟೇ ಮಂದವಾಗಿರಲಿ, ಹಿಂಡಿಹೋಗಿ ಹೊರಕ್ಕೆ ಸರಿಯುತ್ತದೆ. ಆಗ ಉಳಿಯುವುದು ಲೋಹಕ್ಕೆ ಒಂದು ತುದಿಯಿಂದ ಅಂಟಿಕೊಂಡು, ಹುಲ್ಲಿನ ಗರಿಗಳಂತೆ ನಿಲ್ಲುವ ಕೆಲವು ಅಣುಗಳ ಪೊರೆ ಮಾತ್ರ. ಕಾಪಾಡುವುದು ಆ ಪೊರೆ. ‘ಎಣ್ಣೆ ಹಾಕಿದರೆ ಜಿಡ್ಡು ಹೆಚ್ಚುತ್ತದೆ, ಜಿಡ್ಡು ಹೆಚ್ಚಿದರೆ ಪಂಪು ಉಳಿಯುತ್ತದೆ’ ಎಂಬ ನಮ್ಮ ತರ್ಕದಲ್ಲಿ ಮೊದಲನೆಯ ಜಿಡ್ಡು ಬೇರೆ, ಎರಡನೆಯದು ಬೇರೆ. ತರ್ಕಶಾಸ್ತ್ರದವರು ಇದನ್ನು ಛಲವೆಂದು ಕರೆದಾರು. ಇಲ್ಲಿ ಮೋಸ ಮಾಡಿದವರು ಯಾರೂ ಇಲ್ಲ. ಶಬ್ದವೇ ನಮ್ಮನ್ನು ದಾರಿ ತಪ್ಪಿಸಿತು.

ಇನ್ನು ಡೀಸೆಲ್ಲಿನ ಗಂಧಕದ ವಿಚಾರ. ಗಂಧಕವಿರುವ ಡೀಸೆಲ್ಲಿನ ಹೊಗೆ ಶ್ವಾಸಕೋಶಗಳಿಗೆ ಶತ್ರು. ಆದುದರಿಂದ ಸರಕಾರವು ಅದರ ಪ್ರಮಾಣವನ್ನು ಹಂತಹಂತವಾಗಿ ಇಳಿಸುತ್ತ ಬಂದಿತು. ೨೦೧೦ರಲ್ಲಿ ದೇಶಕ್ಕೆಲ್ಲ ಬಂದ ಬಿ.ಎಸ್. ೩ ಡೀಸೆಲ್ಲಿನಲ್ಲಿ ತೂಕದ ಹತ್ತು ಲಕ್ಷ ಪಾಲಿಗೆ ೩೫೦ ಪಾಲು ಗಂಧಕಕ್ಕೆ ಅವಕಾಶವಿತ್ತು. ೨೦೧೭ರ ಏಪ್ರಿಲಿನಲ್ಲಿ ಬಿ.ಎಸ್. ೪ ದೇಶವ್ಯಾಪಿಯಾದಾಗ ಅದು ೫೦ ಆಯಿತು. ಐದನೆಯ ಮೆಟ್ಟಿಲನ್ನು ದಾಟಿ ೨೦೨೦ರ ಏಪ್ರಿಲ್ ೧ರಿಂದ ಬಿ.ಎಸ್. ೬ ಬಂದಾಗ ೧೦ ಆಯಿತು. ಶುದ್ಧೀಕರಣ ಕಾರ್ಖಾನೆಗಳಲ್ಲಿ ಡೀಸೆಲ್ಲನ್ನು ಅತಿಯಾದ ಬಿಸಿಯಲ್ಲಿ, ಒತ್ತಡದಲ್ಲಿ ಜಲಜನಕದೊಡನೆ ಸೇರಿಸಿ ಗಂಧಕವನ್ನು ತೆಗೆಯುತ್ತಾರೆ. ಕಸವನ್ನು ಗುಡಿಸುವಾಗ ಕಾಳೂ ಹೋಗುವಂತೆ, ಲೋಹಕ್ಕೆ ಅಂಟುವ ಆ ಸಹಜವಾದ ಅಣುಗಳೂ ಇದರೊಡನೆ ಹೊರಟುಹೋಗುತ್ತವೆ. ‘ಗಂಧಕವೇ ಕೀಲೆಣ್ಣೆಯಾಗಿತ್ತು’ ಎಂದು ಕೆಲವರು ಹೇಳುವುದುಂಟು, ಅದು ತಪ್ಪು. ಕೀಲೆಣ್ಣೆಯಾಗಿದ್ದ ಅಣುಗಳು ಬೇರೆ. ಅವು ಗಂಧಕದ ಜೊತೆಯಲ್ಲಿ ಬಲಿಯಾದವು.

ಹೀಗಾದರೆ ಪಂಪುಗಳು ಕೆಡುವುವೆಂಬ ಭಯವು ಬರಿಯ ಕಲ್ಪನೆಯಲ್ಲ. ಸ್ವೀಡನ್ ದೇಶವು ೧೯೯೦ರ ದಶಕದ ಆರಂಭದಲ್ಲಿ ಗಂಧಕವನ್ನು ತೀರ ಇಳಿಸಿದ ಡೀಸೆಲ್ಲನ್ನು ತಂದಾಗ ಅಲ್ಲಿನ ಗಾಡಿಗಳ ಪಂಪುಗಳು ಕೆಡಲಾರಂಭಿಸಿದವು. ಲೋಕವು ಎಚ್ಚೆತ್ತುಕೊಂಡುದು ಆಗ. ಅಂದಿನಿಂದ ಕಳೆದುಹೋದ ಗುಣವನ್ನು ಡೀಸೆಲ್ ಹೊರಬೀಳುವ ಮೊದಲೇ ಮರಳಿ ಸೇರಿಸುವ ಪದ್ಧತಿ ಬೆಳೆಯಿತು. ಸೇರಿಸುವುದೇನು? ಬಹುಮಟ್ಟಿಗೆ ಸಸ್ಯಮೂಲದ ಕೊಬ್ಬಿನಾಮ್ಲಗಳು ಮತ್ತು ಅವುಗಳ ಸಂಯುಕ್ತಗಳು; ಅದೂ ಹತ್ತು ಲಕ್ಷ ಪಾಲಿಗೆ ನೂರಿನ್ನೂರು ಪಾಲಿನಷ್ಟು. ಅಜ್ಜನ ಗೊಟ್ಟದ ಹರಳೆಣ್ಣೆಯ ದೂರದ ಬಂಧುಗಳೇ ಅವು. ೧೯೦೦ರ ಪ್ಯಾರಿಸ್ ಪ್ರದರ್ಶನದಲ್ಲಿ ಡೀಸೆಲ್ ಯಂತ್ರವೊಂದನ್ನು ಶೇಂಗಾ ಎಣ್ಣೆಯಿಂದಲೇ ನಡೆಸಿ ತೋರಿಸಿದ್ದರು ಎಂಬುದನ್ನು ಇಲ್ಲಿ ನೆನೆಯಬಹುದು. ರುಡಾಲ್ಫ್ ಡೀಸೆಲ್ಲನು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ತನ್ನ ಯಂತ್ರವನ್ನು ಸಫಲಗೊಳಿಸಿ ಆಗ ಮೂರೇ ವರ್ಷಗಳಾಗಿದ್ದವು. ನಮ್ಮ ನೆರೆಯ ಕಿರ್ಲೋಸ್ಕರವಾಡಿಯನ್ನು ೧೯೧೦ರಲ್ಲಿ ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು. ಅವರ ಮನೆತನದ ಡೀಸೆಲ್ ಎಂಜಿನ್ನುಗಳು ಕೃಷ್ಣೆಯ ದಂಡೆಯಲ್ಲಿ ನೀರೆತ್ತಿದುದನ್ನು ಕಂಡವರು ಈ ಸಭೆಯಲ್ಲಿಯೇ ಇದ್ದಾರೆ.

ಸೇರಿಸಿದುದು ಸಾಕೇ ಎಂಬುದಕ್ಕೆ ಒಂದು ಪರೀಕ್ಷೆಯುಂಟು. ಆರು ಮಿಲಿಮೀಟರ್ ವ್ಯಾಸದ ಉಕ್ಕಿನ ಗುಂಡನ್ನು, ಅರುವತ್ತು ಡಿಗ್ರಿ ಬಿಸಿಯಿರುವ ಡೀಸೆಲ್ಲಿನಲ್ಲಿ ಮುಳುಗಿಸಿ, ಉಕ್ಕಿನ ಬಿಲ್ಲೆಯೊಂದರ ಮೇಲೆ ಎಪ್ಪತ್ತೈದು ನಿಮಿಷ ತಿಕ್ಕುತ್ತಾರೆ. ಬಳಿಕ ಗುಂಡಿನ ಮೇಲಾದ ಗಾಯವನ್ನು ಸೂಕ್ಷ್ಮದರ್ಶಕದಿಂದ ಅಳೆಯುತ್ತಾರೆ. ಭಾರತೀಯ ಮಾನಕದ ಪ್ರಕಾರ ಆ ಗಾಯವು ೪೬೦ ಮೈಕ್ರಾನನ್ನು, ಎಂದರೆ ಅರ್ಧ ಮಿಲಿಮೀಟರಿಗಿಂತ ಕೊಂಚ ಕಡಮೆಯಾದ ಅಳತೆಯನ್ನು, ಮೀರಕೂಡದು. ನಮ್ಮ ಪಂಪುಗಳಲ್ಲಿ ಇಂದು ಮಾರುವ ಡೀಸೆಲ್ ಈ ನಿಯಮಕ್ಕೆ ಒಳಪಟ್ಟದ್ದು. ಟೂಟಿ ಎಣ್ಣೆಯ ಬಾಟಲಿಯನ್ನು ಕೈಯಲ್ಲಿ ಹಿಡಿದು ಟಾಕಿಯ ಮುಂದೆ ನಿಲ್ಲುವವನು ಈಗಾಗಲೇ ಒಗ್ಗರಣೆ ಹಾಕಿದ ಸಾರಿಗೆ ಇನ್ನೊಮ್ಮೆ ಒಗ್ಗರಣೆ ಹಾಕಲು ಹೊರಟಿದ್ದಾನೆ.

ಆ ಎರಡನೆಯ ಒಗ್ಗರಣೆಯಿಂದ ರುಚಿಯಾದರೂ ಹೆಚ್ಚುವುದೇ? ಅಮೆರಿಕದ ಡೀಸೆಲ್ ವಾಹನಗಳ ಹವ್ಯಾಸಿಗಳು ೨೦೦೭ರಲ್ಲಿ ಹಣ ಕೂಡಿಸಿ, ಏನನ್ನೂ ಸೇರಿಸದ ಡೀಸೆಲ್ಲಿಗೆ ನಾನಾ ಬಗೆಯ ಬೆರಕೆಗಳನ್ನು ಹಾಕಿಸಿ ಇದೇ ಪರೀಕ್ಷೆಯನ್ನು ಮಾಡಿಸಿದರು. ಬರಿಯ ಡೀಸೆಲ್ಲಿನಲ್ಲಿ ಗಾಯ ೬೩೬ ಮೈಕ್ರಾನ್. ಇನ್ನೂರಕ್ಕೆ ಒಂದರಂತೆ ಎರಡು ಹೊಡೆತದ ಎಣ್ಣೆಯನ್ನು ಬೆರೆಸಿದಾಗ ೪೭೪. ನೂರಕ್ಕೆ ಎರಡರಂತೆ ಸಸ್ಯಜನ್ಯವಾದ ಜೈವಿಕ ಡೀಸೆಲ್ ಬೆರೆಸಿದಾಗ ೨೨೧! ಒಂದೇ ಪರೀಕ್ಷೆಯಿಂದ ಶಾಸ್ತ್ರವನ್ನು ಕಟ್ಟಬಾರದು, ಏನನ್ನೂ ಸೇರಿಸದ ಡೀಸೆಲ್ಲಿಗೆ ಈ ಎಣ್ಣೆಯಿಂದ ಪ್ರಯೋಜನವಾದುದೂ ನಿಜ. ಆದರೆ ಅಷ್ಟಾದರೂ ಗಾಯವು ೪೬೦ರ ಮಿತಿಯೊಳಗೆ ಬರಲಿಲ್ಲ; ಮಾವನ ಬಾಟಲಿಯಿಂದ ಪಂಪಿಗೆ ಅಮೃತ ದೊರೆಯುತ್ತಿತ್ತೆಂಬ ನನ್ನ ಭಾವನೆಯು ಆ ಅಂಕೆಗಳನ್ನು ಓದಿದ ದಿನ ಕುಸಿಯಿತು.

ಓದಿದ್ದು ಮಾತ್ರ ತಡವಾಗಿ. ಅದಕ್ಕೆ ಮೊದಲೇ ಪೆಟ್ಟು ಬಿದ್ದಿತ್ತು.

ಹಳೆಯ ಕಾರನ್ನು ಮಾರಿ, ತಮ್ಮನೊಡನೆ ಪಾಲು ಹಾಕಿ, ಬಿ.ಎಸ್. ೬ ಮಾದರಿಯ ಡೀಸೆಲ್ ಕಾರನ್ನು ಕೊಂಡೆವು. ಅವ್ವನಿಗೆ ಮೂತ್ರಪಿಂಡಗಳ ಬೇನೆ; ವಾರಕ್ಕೆ ಎರಡು ಸಲ ಮಿರಜಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಆಗಬೇಕು. ಆದುದರಿಂದ ಆಕೆಯನ್ನು ನನ್ನ ಮನೆಯಲ್ಲಿಯೇ ಇಟ್ಟುಕೊಂಡಿದ್ದೆನು. ಕಾರು ಮನೆಯಿಂದ ಆಸ್ಪತ್ರೆಗೆ, ಅಲ್ಲಿಂದ ಶಾಲೆಗೆ, ಹೆಚ್ಚೆಂದರೆ ಸಾಂಗಲಿಗೆ ಹೋಗಿ ಬರುತ್ತಿತ್ತು. ಟಾಕಿ ತುಂಬಿಸಿದಾಗೊಮ್ಮೆ ಬಾಟಲಿಯನ್ನು ಹಾಕುವುದಂತೂ ತಪ್ಪಲಿಲ್ಲ. ಕಾರಿನೊಡನೆ ಬಂದ ಇಂಗ್ಲಿಷ್ ಕೈಪಿಡಿಯನ್ನು ಓದಬಲ್ಲವನಾದರೂ ಓದಲಿಲ್ಲ. ಮುಂದಿನ ಫಲಕದಲ್ಲಿ ಹಳದಿ ದೀಪವೊಂದು ಹತ್ತಿದಾಗಲೂ, ಗಾಡಿ ಓಡುತ್ತಿದೆಯಲ್ಲ ಎಂದು ಹತ್ತು ದಿನ ಸುಮ್ಮನಿದ್ದೆನು. ವಿದ್ಯಾರ್ಥಿಗಳಿಗೆ ‘ಪ್ರಶ್ನೆಯನ್ನು ಎರಡು ಬಾರಿ ಓದಿರಿ’ ಎಂದು ಬೋಧಿಸುವವನ ಸ್ಥಿತಿಯಿದು.

ಆ ವರ್ಷ ಕಾರಹುಣ್ಣಿಮೆಗೆ ಎತ್ತುಗಳನ್ನು ಕಾಣಬೇಕೆಂದು ಅವ್ವ ಹಟ ಹಿಡಿದಳು. ಜತ್ತ ತಾಲೂಕಿನ ನಮ್ಮ ಹಳ್ಳಿಗೆ ಕರೆದೊಯ್ದು, ಮರುದಿನ ನಸುಕಿನಲ್ಲಿ ಮರಳಿ ಹೊರಟೆವು. ಅಂದು ಒಂಬತ್ತು ಗಂಟೆಗೆ ಆಸ್ಪತ್ರೆಯಲ್ಲಿರಬೇಕು. ಕವಠೆ ಮಹಾಂಕಾಳವನ್ನು ಸಮೀಪಿಸುತ್ತಿರುವಾಗ ಗಾಡಿಯ ಕಸುವು ಒಮ್ಮೆಲೆ ಇಳಿಯಿತು. ಎಷ್ಟು ಒತ್ತಿದರೂ ಎತ್ತಿನ ನಡಿಗೆ. ಹಳದಿ ದೀಪದ ಪಕ್ಕದಲ್ಲಿ ಇನ್ನೊಂದು ದೀಪ ಹತ್ತಿತ್ತು. ರಸ್ತೆಯ ಪಕ್ಕಕ್ಕೆ ನಿಲ್ಲಿಸಿ ಮತ್ತೆ ಚಾಲೂ ಮಾಡಿದರೂ ಅದೇ ಅವಸ್ಥೆ. ಅವ್ವನ ಕಾಲುಗಳು ಆಗಲೇ ಬಾತಿದ್ದವು. “ಹೊತ್ತಾತೇನೋ?” ಎಂದು ಎರಡು ಸಲ ಕೇಳಿ, ನನ್ನ ಮುಖವನ್ನು ನೋಡಿ, ಮೂರನೆಯ ಸಲ ಕೇಳಲಿಲ್ಲ.

ತರಕಾರಿ ಹೇರಿಕೊಂಡು ಮಿರಜಿಗೆ ಹೊರಟಿದ್ದ ಹಳೆಯ ಪಿಕಪ್ ಗಾಡಿಯೊಂದು ನಿಂತಿತು. ಚಾಲಕನು ಮರಾಠಿಯ ಹುಡುಗ. ಅವ್ವನನ್ನು ಮುಂದಿನ ಆಸನದಲ್ಲಿ ಕೂರಿಸಿಕೊಂಡು, ನನಗೆ ಹಿಂದೆ ಮೂಟೆಗಳ ಮೇಲೆ ಜಾಗ ಕೊಟ್ಟನು. ಅವನ ಗಾಡಿಯ ಗಾಜಿನ ಮುಂದೆ, ದೇವರ ಪಟದ ಪಕ್ಕದಲ್ಲಿ, ಅದೇ ಟೂಟಿ ಬಾಟಲಿ ನಿಂತಿತ್ತು. ನಾವು ಎರಡು ಗಂಟೆ ತಡವಾಗಿ ಮುಟ್ಟಿದೆವು. ಆಸ್ಪತ್ರೆಯವರು ಹೇಗೋ ಜಾಗ ಮಾಡಿಕೊಟ್ಟರು. ಅಂದು ಸಂಜೆಯವರೆಗೆ ಅವ್ವ ಕಣ್ಣು ತೆರೆಯಲಾರದಷ್ಟು ಬಳಲಿದ್ದಳು. ಹಣ ಕೊಡಹೋದರೆ ಆ ಹುಡುಗ ತೆಗೆದುಕೊಳ್ಳಲಿಲ್ಲ.

ಕಾರನ್ನು ಎಳೆದುತಂದ ಮೇಲೆ ಮಿರಜಿನ ಗ್ಯಾರೇಜೊಂದರಲ್ಲಿ ಕೆಲಸ ಮಾಡುವ ನನ್ನ ಹಳೆಯ ವಿದ್ಯಾರ್ಥಿಗೆ ತೋರಿಸಿದೆನು. ಕಂದಪದ್ಯದ ಹುಡುಗರಲ್ಲಿ ಇವನೂ ಒಬ್ಬ, ಮುಂದೆ ಐ.ಟಿ.ಐ. ಕಲಿತವನು. ಯಂತ್ರಕ್ಕೆ ಕೈಪೆಟ್ಟಿಗೆಯೊಂದನ್ನು ಜೋಡಿಸಿ ಅಂಕೆಗಳನ್ನು ಓದಿ, ತಲೆಯೆತ್ತದೆಯೇ ಕೇಳಿದನು: “ಸರ್, ಡಿಜೇಲ್‌ನ್ಯಾಗ ಎಣ್ಣಿ ಏನರ ಹಾಕ್ತೀರೇನ್ರಿ?” ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕಿಬಿದ್ದವನಂತೆ ಒಪ್ಪಿಕೊಂಡೆನು. ಅವನು ನಗಲಿಲ್ಲ. ಸ್ಟೂಲಿನ ಮೇಲೆ ನನ್ನನ್ನು ಕೂರಿಸಿ, ಹಳೆಯ ಜರಡಿಯೊಂದರ ತುಂಡನ್ನು ಕೈಗೆ ಕೊಟ್ಟು ಪಾಠವನ್ನು ಹೇಳಿದನು. ಆ ಪಾಠವನ್ನೇ ನಿಮ್ಮ ಮುಂದಿಡುತ್ತೇನೆ.

ಬಿ.ಎಸ್. ೬ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಜೇನುಹುಟ್ಟಿನಂತಹ ಪಿಂಗಾಣಿಯ ಜರಡಿಯೊಂದಿದೆ. ಅದರ ಕಣ್ಣುಗಳು ಒಂದು ಬಿಟ್ಟು ಒಂದರಂತೆ ಮುಚ್ಚಿರುತ್ತವೆ. ಹೊಗೆಯು ಗೋಡೆಯ ಸೂಕ್ಷ್ಮ ರಂಧ್ರಗಳ ಮೂಲಕವೇ ಪಾರಾಗಬೇಕು. ಮಸಿ ಅಲ್ಲಿ ನಿಲ್ಲುತ್ತದೆ. ಸಾಕಷ್ಟು ಮಸಿ ಕೂಡಿದಾಗ ಯಂತ್ರವು ತಾನಾಗಿ ಜರಡಿಯನ್ನು ಸುಮಾರು ಆರುನೂರು ಡಿಗ್ರಿಗೆ ಕಾಯಿಸಿ ಮಸಿಯನ್ನು ಸುಟ್ಟುಬಿಡುತ್ತದೆ. ಇದಕ್ಕೆ ಗಾಡಿ ಕೆಲಕಾಲ ತಡೆಯಿಲ್ಲದೆ ವೇಗವಾಗಿ ಓಡಬೇಕು. ಮಿರಜು ಸಾಂಗಲಿಗಳ ನಡುವಿನ ಹತ್ತು ಕಿಲೋಮೀಟರಿನ ಅಡೆತಡೆಯ ಓಡಾಟದಲ್ಲಿ ಅದು ಅರ್ಧಕ್ಕೇ ನಿಂತುಹೋಗುತ್ತದೆ. ಹಳದಿ ದೀಪವು ‘ನನ್ನನ್ನು ಹೆದ್ದಾರಿಗೆ ಕರೆದುಕೊಂಡು ಹೋಗು’ ಎಂದು ಆ ಹತ್ತು ದಿನವೂ ಬೇಡುತ್ತಿತ್ತು. ಹೋದಾಗ ಕಾಲ ಮಿಂಚಿತ್ತು.

ಮಸಿ ಸುಟ್ಟುಹೋಗುತ್ತದೆ, ಬೂದಿ ಸುಡುವುದಿಲ್ಲ. ಎಣ್ಣೆಗಳಲ್ಲಿ ಸೇರಿಸಿದ ಲೋಹಾಂಶಗಳು ಉರಿದ ಮೇಲೆ ಬೂದಿಯಾಗಿ ಜರಡಿಯಲ್ಲಿ ಶಾಶ್ವತವಾಗಿ ಕೂರುತ್ತವೆ. ಆದಕಾರಣವೇ ಇಂಥ ಕಾರುಗಳ ತಳದ ತೊಟ್ಟಿಗೂ ಕಡಮೆ ಬೂದಿಯ ವಿಶೇಷ ಎಣ್ಣೆಯನ್ನೇ ಹಾಕಬೇಕೆಂದು ಕಟ್ಟಳೆ. ಸ್ಕೂಟರಿನ ಒಳ್ಳೆಯ ಟೂಟಿ ಎಣ್ಣೆಯಲ್ಲಿ ಜಪಾನಿನ ಜಾಸೋ ಮಾನಕದಂತೆ ನೂರಕ್ಕೆ ೦.೨೫ರವರೆಗೆ ಬೂದಿ ಇರಬಹುದು. ನಲವತ್ತು ಲೀಟರಿನ ಟಾಕಿಗೆ ೨೦೦ ಮಿಲಿಲೀಟರ್ ಎಣ್ಣೆ ಹಾಕಿದರೆ, ಲೆಕ್ಕ ಮಾಡಿ ನೋಡಿರಿ, ಹೆಚ್ಚೆಂದರೆ ಅರ್ಧ ಗ್ರಾಮಿಗೂ ಕಡಮೆ. ನೂರು ಟಾಕಿಗೆ ಸುಮಾರು ೪೪ ಗ್ರಾಮು. ಜರಡಿಯ ಆಯುಷ್ಯದ ಲೆಕ್ಕವಿರುವುದೇ ಗ್ರಾಮುಗಳಲ್ಲಿ. ನನ್ನ ವಿದ್ಯಾರ್ಥಿಯು ಪ್ರಾಮಾಣಿಕ. “ಸರ್, ಎಲ್ಲಾ ತಪ್ಪು ಎಣ್ಣಿ ಮ್ಯಾಲೆ ಹಾಕಬ್ಯಾಡ್ರಿ. ನಿಮ್ಮ ಗಾಡಿ ನಿಂತಿದ್ದು ಮಸಿ ತುಂಬಿ. ಆದ್ರ ನೀವು ಹಿಂಗೇ ಹಾಕ್ಕೋಂತ ಹೋಗಿದ್ರ ಮುಂದ ಜಾಳಿಗೀನೇ ಬದಲಿ ಮಾಡಬೇಕಾಗತಿತ್ತು” ಎಂದನು. ಮೇಲಾಗಿ ಈ ಕಾರುಗಳ ಪಂಪು ಡೀಸೆಲ್ಲನ್ನು ೧೬೦೦ರಿಂದ ೨೦೦೦ ಬಾರ್ ಒತ್ತಡಕ್ಕೆ ಏರಿಸುತ್ತದೆ; ಕಾರಿನ ಗಾಲಿಯಲ್ಲಿ ನಾವು ತುಂಬಿಸುವ ಗಾಳಿ ಎರಡು ಬಾರಿಗೆ ಸ್ವಲ್ಪ ಹೆಚ್ಚು, ಅಷ್ಟೆ. ಅಂತಹ ಯಂತ್ರವನ್ನು ನಿರ್ಮಿಸಿದವರು ಯಾವ ಇಂಧನಕ್ಕೆಂದು ಅಳೆದು ಮಾಡಿದರೋ ಅದನ್ನು ನಾವು ಮನೆಯಲ್ಲಿ ತಿದ್ದುವುದು ಸಾಹಸವೇ ಸರಿ.

ಜರಡಿಯನ್ನು ಕಾರ್ಯಾಗಾರದಲ್ಲಿ ಬಲವಂತವಾಗಿ ಸುಡಿಸಿ, ತಳದ ಎಣ್ಣೆಯನ್ನು ಬದಲಿಸಿ, ಟಾಕಿಯನ್ನು ಬರಿದು ಮಾಡಿಸಿದೆವು. ಒಂದು ತಿಂಗಳ ಸಂಬಳದಲ್ಲಿ ಅರ್ಧ ಹೋಯಿತು. ಖಾತರಿಯ ಅವಧಿಯಿನ್ನೂ ಇತ್ತು. ಆದರೆ ಹೊರಗಿನ ಎಣ್ಣೆಯನ್ನು ಬೆರೆಸಿದ್ದೇನೆಂದು ನಾನೇ ಹೇಳಿದ್ದೆನು, ಬೇಡಲು ಬಾಯಿ ಬರಲಿಲ್ಲ.

ಹಾಗಾದರೆ ಯಾರೂ ಹಾಕಬಾರದೇ ಎಂದು ಕೇಳುತ್ತೀರಿ. ಜರಡಿಯಿರುವ ಗಾಡಿಗೆ ಖಂಡಿತವಾಗಿಯೂ ಬೇಡ. ಹಳೆಯ ಟ್ರ್ಯಾಕ್ಟರು, ನೀರೆತ್ತುವ ಎಂಜಿನ್ನು, ಆ ಪಿಕಪ್ ಹುಡುಗನ ಗಾಡಿಗಳಿಗೆ ಅಲ್ಪ ಪ್ರಮಾಣದಲ್ಲಿ ಹಾಕಿದರೆ ದೊಡ್ಡ ಹಾನಿ ಕಾಣಿಸದು. ಇಂದಿನ ಡೀಸೆಲ್ಲಿನಲ್ಲಿ ದೊಡ್ಡ ಲಾಭವೂ ಕಾಣಿಸದು. ಬಾಟಲಿಗೆ ಕೊಡುವ ಹಣದಲ್ಲಿ ಡೀಸೆಲ್ ಸೋಸುವ ಫಿಲ್ಟರನ್ನು ಹೊತ್ತಿಗೆ ಸರಿಯಾಗಿ ಬದಲಿಸಿರಿ, ಅದರ ತಳದಲ್ಲಿ ಕೂಡುವ ನೀರನ್ನು ಬಿಡಿರಿ. ಪಂಪಿಗೆ ಶೀತ, ತುಕ್ಕುಗಳೇ ಇಂದು ದೊಡ್ಡ ವೈರಿಗಳು. ಡೀಸೆಲ್ಲಿನ ಬಗೆಗೆ ಸಂಶಯವಿದ್ದರೆ ಪಂಪನ್ನು ಬದಲಿಸುವುದು ಮೇಲು, ಬಾಟಲಿಯನ್ನು ಸುರಿಯುವುದಲ್ಲ.

ಮಾವನಿಗೆ ಈ ಸಂಗತಿಯನ್ನು ಹೇಗೆ ಹೇಳುವುದೆಂಬುದು ನನ್ನ ದೊಡ್ಡ ಚಿಂತೆಯಾಗಿತ್ತು. ತಂಗಿಯ ಪ್ರಾಣಕ್ಕೆ ತನ್ನ ಮಾತಿನಿಂದ ಕುತ್ತು ಬಂದಿತೆಂದು ಆ ವಯಸ್ಸಿನಲ್ಲಿ ಅವರು ನೊಂದುಕೊಳ್ಳಬಾರದಷ್ಟೆ. ಒಂದು ಭಾನುವಾರ ಅವರನ್ನು ಗ್ಯಾರೇಜಿಗೆ ಕರೆದೊಯ್ದು, ಜರಡಿಯ ತುಂಡನ್ನು ಅವರ ಕೈಗೆ ಕೊಡಿಸಿದೆನು. ಅವರು ಅದನ್ನು ಬೆಳಕಿಗೆ ಹಿಡಿದರು, ಊದಿದರು, ಬೆರಳಿನಿಂದ ಬೂದಿಯನ್ನು ಒರಸಿ ನೋಡಿದರು. ವಿದ್ಯಾರ್ಥಿಯನ್ನು ಒಂದು ಗಂಟೆಯ ಕಾಲ ಪ್ರಶ್ನಿಸಿದರು. ಕೊನೆಗೆ, “ನಮ್ಮ ಲಾರಿಗೆ ಇದು ಇರಲಿಲ್ಲಲೇ ತಮ್ಮಾ. ಇದ್ದಿದ್ರ ನಾನೂ ಹಾಕ್ತಿರಲಿಲ್ಲ” ಎಂದರು. ದಾರಿಯಲ್ಲಿ ನನ್ನೊಡನೆ ಮಾತಾಡಲಿಲ್ಲ. ಮನೆಗೆ ಬಂದು ಅವ್ವನ ಹಾಸಿಗೆಯ ಬಳಿ ಕುಳಿತು ಅವಳ ಕಾಲನ್ನು ಬಹಳ ಹೊತ್ತು ಒತ್ತಿದರು.

ಆ ಬಳಿಕ ವಿದ್ಯಾರ್ಥಿಯೂ ನಾನೂ ಕುಳಿತು ಕೈಪಿಡಿಯ ಅವಶ್ಯವಾದ ಭಾಗವನ್ನು ಒಂದು ಹಾಳೆಯಲ್ಲಿ ಕನ್ನಡಕ್ಕೆ ತಂದೆವು. ಪಕ್ಕದಲ್ಲಿ ಅವನ ಜೊತೆಗಾರನೊಬ್ಬ ಮರಾಠಿಯಲ್ಲಿ ಬರೆದನು. ಯಾವ ದೀಪ ಹತ್ತಿದರೆ ಏನು ಮಾಡಬೇಕು, ಟಾಕಿಗೆ ಏನನ್ನು ಹಾಕಬಾರದು ಎಂಬ ಹತ್ತು ಸಾಲುಗಳು. ಅದು ಈಗ ಗ್ಯಾರೇಜಿನ ಗೋಡೆಯ ಮೇಲಿದೆ. ಚಾಲಕರು ನಿಂತು ಓದುತ್ತಾರೆ, ಮೊಬೈಲಿನಲ್ಲಿ ಚಿತ್ರವನ್ನೂ ತೆಗೆದುಕೊಳ್ಳುತ್ತಾರೆ. ಅದರಲ್ಲಿ ಎರಡು ಶಬ್ದಗಳು ಇನ್ನೂ ತೀರ್ಮಾನವಾಗಿಲ್ಲ. ಆ ಪಿಂಗಾಣಿಯ ಜರಡಿಗೆ ನಾನು ‘ಮಸಿಜರಡಿ’ ಎಂದು ಬರೆದೆನು. ವಿದ್ಯಾರ್ಥಿ ‘ಜಾಳಿಗಿ’ ಎನ್ನುತ್ತಾನೆ. ಹಿಟ್ಟು ಸೋಸುವ ‘ಸಾಣಿಗಿ’ಯೇ ಸರಿಯಾದುದೆಂದು ಅವ್ವನ ತೀರ್ಪು. ಲೋಹವನ್ನು ಕಾಪಾಡುವ ಆ ಎರಡನೆಯ ಜಿಡ್ಡಿಗಾದರೋ ಯಾವ ಶಬ್ದವನ್ನು ಹಾಕಿದರೂ ಚಾಲಕರು ಹುಬ್ಬು ಗಂಟಿಕ್ಕುತ್ತಾರೆ. ಸಭೆಯಲ್ಲಿ ಗಾಣ, ಚಕ್ಕಡಿ, ಕಮ್ಮಾರಿಕೆಯ ಕೆಲಸವನ್ನು ಬಲ್ಲ ಹಿರಿಯರು ಅನೇಕರಿದ್ದೀರಿ. ನಿಮ್ಮ ಮನೆಯ ಮಾತಿನಲ್ಲಿ ಅದಕ್ಕೊಂದು ಹೆಸರಿದ್ದರೆ, ಫಲಾಹಾರದ ಹೊತ್ತಿನಲ್ಲಿ ದಯವಿಟ್ಟು ನನಗೆ ತಿಳಿಸಿರಿ. ಸೋಮವಾರ ಹಾಳೆಯನ್ನು ತಿದ್ದಿ ಬರೆಯುತ್ತೇನೆ.